ಷೋರೂಮಿನ ಪೀಪಾಯಿ ಎಣ್ಣೆ: ಅಗ್ಗವೋ, ಕಳಪೆಯೋ?



ಸಂಡೂರಿನಿಂದ ದೋಣಿಮಲೈ ಕಡೆಗೆ ಹೋಗುವ ರಸ್ತೆಯಲ್ಲಿ ನೀವು ಒಮ್ಮೆಯಾದರೂ ಓಡಾಡಿದ್ದರೆ ಅಲ್ಲಿಯ ಬಣ್ಣ ನಿಮ್ಮ ನೆನಪಿನಲ್ಲಿ ಉಳಿದಿರುತ್ತದೆ. ರಸ್ತೆ ಕೆಂಪು, ಬದಿಯ ಗಿಡಗಳ ಎಲೆ ಕೆಂಪು, ಅದುರು ಹೊತ್ತು ಸಾಗುವ ಲಾರಿಯ ಟಾರ್ಪಾಲು ಕೆಂಪು. ಬಿಳಿ ಅಂಗಿ ತೊಟ್ಟು ಬೈಕಿನ ಮೇಲೆ ಹೊಸಪೇಟೆಗೆ ಹೋಗಿ ಬಂದರೆ ಸಂಜೆ ಅಂಗಿಯ ಕಾಲರಿನ ಮೇಲೂ ಅದೇ ಕೆಂಪು ಗೆರೆ. ಅಂಗಿಯನ್ನೇನೋ ಒಗೆದುಕೊಳ್ಳಬಹುದು. ಆದರೆ ಅದೇ ದೂಳಿನಲ್ಲಿ ದಿನವಿಡೀ ಉಸಿರಾಡುವ ಎಂಜಿನ್ನಿನ ಒಳಗನ್ನು ಒಗೆಯುವವರು ಯಾರು?

ಆ ಕೆಲಸವನ್ನು ಮಾಡುವುದು ಎಂಜಿನ್ ಎಣ್ಣೆ. ನಮ್ಮ ಗ್ಯಾರೇಜುಗಳ ಮಾತಿನಲ್ಲಿ ಹೇಳುವುದಾದರೆ 'ಆಯಿಲ್'. ಇಷ್ಟು ಕಿಲೋಮೀಟರ್ ಓಡಿದ ಮೇಲೆ ಹಳೆಯದನ್ನು ಇಳಿಸಿ ಹೊಸದನ್ನು ತುಂಬಿಸಬೇಕೆಂಬುದು ಎಲ್ಲರಿಗೂ ಗೊತ್ತು. ಹೊಸ ಗಾಡಿ ಕೊಂಡವರು ಮೊದಲ ಕೆಲವು ಸರ್ವೀಸುಗಳಿಗೆ ಷೋರೂಮಿಗೇ ಹೋಗುತ್ತಾರೆ. ಅಲ್ಲಿ ಮೂಲೆಯಲ್ಲಿ ಒಂದು ದೊಡ್ಡ ಪೀಪಾಯಿ ನಿಂತಿರುತ್ತದೆ. ಅದಕ್ಕೊಂದು ಪಂಪು, ಪಂಪಿಗೊಂದು ಕೊಳವೆ. ಬಂದ ಗಾಡಿಗೆಲ್ಲ ಅದರಿಂದಲೇ ಎಣ್ಣೆ. ಇದನ್ನು ನೋಡಿದ ಗಿರಾಕಿಗೆ ಅನುಮಾನ ಬರುವುದು ಸಹಜ. ಅಂಗಡಿಯಲ್ಲಿ ಮೊಹರು ಹಾಕಿದ ಡಬ್ಬಿ ಇರುವಾಗ ಈ ಪೀಪಾಯಿಯ ಎಣ್ಣೆ ಏಕೆ? ಇದು ಅಗ್ಗದ್ದಲ್ಲವೇ? ಅಗ್ಗದ್ದಾದರೆ ಕಳಪೆಯಲ್ಲವೇ?

ಪ್ರಶ್ನೆ ಸಣ್ಣದೆಂದು ಕಂಡೀತು. ಆದರೆ ಸಾಲ ಮಾಡಿ ಕೊಂಡ ಒಂದು ಟಿಪ್ಪರ್, ಒಂದು ಆಟೋ, ಒಂದು ಬೈಕು ಎಷ್ಟೋ ಮನೆಗಳ ಅನ್ನದ ದಾರಿ. ಎಂಜಿನ್ 'ಬೋರಿಗೆ ಬಂತು' ಎಂದರೆ ಆ ಮನೆಯ ಮಕ್ಕಳ ಕಾಲೇಜಿನ ಶುಲ್ಕಕ್ಕೂ ಸಂಚಕಾರ ಬಂದಂತೆ. ಆದ್ದರಿಂದ ಈ ಪ್ರಶ್ನೆಯನ್ನು ವಿಜ್ಞಾನದ ನೆರವಿನಿಂದ ಬಿಡಿಸಿ ನೋಡೋಣ ಬನ್ನಿ.

ಬಂಡಿಯ ಕೀಲೆಣ್ಣೆಯಿಂದ ಎಂಜಿನ್ ಎಣ್ಣೆಯವರೆಗೆ

ನಿಮ್ಮ ಊರಿನ ಹಿರಿಯರನ್ನು ಕೇಳಿ. ಎತ್ತಿನ ಬಂಡಿ ಹೂಡುವ ಮೊದಲು ಗಾಲಿಯ ಅಚ್ಚಿಗೆ ಕೀಲೆಣ್ಣೆ ಹಾಕುತ್ತಿದ್ದರು. ಹುಲ್ಲು ಸುಟ್ಟ ಕರಿಯನ್ನು ಹರಳೆಣ್ಣೆಯಲ್ಲಿ ಕಲಸಿ ಮಾಡಿದ ಕಪ್ಪು ಲೇಪ ಅದು. ಹಾಕದಿದ್ದರೆ ಬಂಡಿ ಕಿರುಗುಟ್ಟುತ್ತಿತ್ತು, ಎತ್ತಿಗೆ ಎಳೆಯುವುದು ಭಾರವಾಗುತ್ತಿತ್ತು, ಅಚ್ಚು ಸವೆಯುತ್ತಿತ್ತು. ಎರಡು ಗಟ್ಟಿ ವಸ್ತುಗಳು ಒಂದರ ಮೇಲೊಂದು ಉಜ್ಜುವಾಗ ನಡುವೆ ಒಂದು ಪದರವನ್ನು ಇರಿಸಿ ಅವು ನೇರವಾಗಿ ತಾಗದಂತೆ ಮಾಡುವುದೇ ಕೀಲೆಣ್ಣೆಯ ಕೆಲಸ. ಇಂದಿನ ಎಂಜಿನ್ ಎಣ್ಣೆಯ ಮೂಲ ತತ್ವವೂ ಇದೇ.

ಹರಳೆಣ್ಣೆಯ ಹೆಸರು ಎಂಜಿನ್ನುಗಳ ಇತಿಹಾಸದಲ್ಲೂ ಉಳಿದಿದೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಇಂಗ್ಲೆಂಡಿನ ವೇಕ್‌ಫೀಲ್ಡ್ ಕಂಪನಿ ತನ್ನ ಎಂಜಿನ್ ಎಣ್ಣೆಗೆ ಹರಳೆಣ್ಣೆಯನ್ನು ಬೆರೆಸುತ್ತಿತ್ತು. ಹರಳೆಣ್ಣೆಗೆ ಇಂಗ್ಲಿಷಿನಲ್ಲಿ 'ಕ್ಯಾಸ್ಟರ್ ಆಯಿಲ್' ಎನ್ನುತ್ತಾರಲ್ಲವೇ? 'ಕ್ಯಾಸ್ಟ್ರಾಲ್' ಎಂಬ ಹೆಸರು ಹುಟ್ಟಿದ್ದು ಅದರಿಂದಲೇ. ಘರ್ಷಣೆ, ಸವೆತ ಮತ್ತು ಕೀಲೆಣ್ಣೆಗಳನ್ನು ಕುರಿತ ಅಧ್ಯಯನಕ್ಕೆ 1966ರಲ್ಲಿ ಬ್ರಿಟನ್ನಿನ ಪೀಟರ್ ಜೋಸ್ಟ್ ಅವರ ವರದಿಯಿಂದ ಒಂದು ಹೊಸ ಹೆಸರೂ ಬಂತು: ಟ್ರೈಬಾಲಜಿ. ಉಜ್ಜುವುದು ಎಂಬ ಅರ್ಥದ ಗ್ರೀಕ್ ಪದದಿಂದ ಬಂದ ಹೆಸರು ಅದು.

ಎಂಜಿನ್ನಿನ ಒಳಗಿನ ಪರಿಸ್ಥಿತಿ ಬಂಡಿಯ ಅಚ್ಚಿಗಿಂತ ಎಷ್ಟು ಕಠಿಣವೆಂದು ಒಂದು ಲೆಕ್ಕ ಹಾಕೋಣ. ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುತ್ತಿದೆ ಎಂದುಕೊಳ್ಳಿ. ಸೆಕೆಂಡಿಗೆ 50 ಸುತ್ತು. ಪ್ರತಿ ಸುತ್ತಿಗೆ ಪಿಸ್ಟನ್ ಒಮ್ಮೆ ಮೇಲೆ, ಒಮ್ಮೆ ಕೆಳಗೆ. ಅಂದರೆ ನೀವು 'ಒಂದು' ಎಂದು ಎಣಿಸುವಷ್ಟರಲ್ಲಿ ಪಿಸ್ಟನ್ ನೂರು ಸಲ ಸಿಲಿಂಡರಿನ ಗೋಡೆಯ ಮೇಲೆ ಜಾರಿರುತ್ತದೆ. ಅದರ ತಲೆಯ ಮೇಲೆ ಉರಿಯುವ ಅನಿಲದ ಉಷ್ಣತೆ ಎರಡು ಸಾವಿರ ಡಿಗ್ರಿ ಸೆಲ್ಸಿಯಸ್ ಮೀರುತ್ತದೆ. ಕೆಳಗೆ ಚೇಂಬರಿನಲ್ಲಿರುವ ಎಣ್ಣೆಯೇ ಸುಮಾರು ನೂರು ಡಿಗ್ರಿ ಬಿಸಿಯಾಗಿರುತ್ತದೆ.

ಇಂಥ ಸ್ಥಳದಲ್ಲಿ ಎಣ್ಣೆ ಒಂದಲ್ಲ, ಐದು ಕೆಲಸಗಳನ್ನು ಮಾಡಬೇಕು. ಉಜ್ಜುವ ಭಾಗಗಳ ನಡುವೆ ಪದರವಾಗಿ ನಿಲ್ಲಬೇಕು. ಬಿಸಿಯನ್ನು ಹೊತ್ತು ತರಬೇಕು. ಮಸಿ, ಜಿಡ್ಡುಗಳನ್ನು ತೊಳೆಯಬೇಕು. ಪಿಸ್ಟನ್ ರಿಂಗುಗಳ ಸಂದಿಯನ್ನು ಮುಚ್ಚಿ ಅನಿಲ ಸೋರದಂತೆ ತಡೆಯಬೇಕು. ಇಂಧನ ಉರಿದಾಗ ಹುಟ್ಟುವ ಆಮ್ಲಗಳಿಂದ, ತುಕ್ಕಿನಿಂದ ಲೋಹವನ್ನು ಕಾಪಾಡಬೇಕು.

ಡಬ್ಬಿಯೊಳಗೆ ಇರುವುದೇನು?

ಯಾವ ಕಂಪನಿಯ ಎಣ್ಣೆಯನ್ನೇ ತೆಗೆದುಕೊಳ್ಳಿ, ಅದರಲ್ಲಿ ಎರಡು ಪಾಲುಗಳಿರುತ್ತವೆ. ಮೊದಲನೆಯದು ಮೂಲ ತೈಲ. ಸಾಮಾನ್ಯವಾಗಿ ಮುಕ್ಕಾಲು ಪಾಲಿಗಿಂತ ಹೆಚ್ಚಿರುವ ಇದು ಬಹುಮಟ್ಟಿಗೆ ಕಚ್ಚಾ ತೈಲದಿಂದ ಬಂದದ್ದು. ಶುದ್ಧೀಕರಣದ ಮಟ್ಟಕ್ಕೆ ತಕ್ಕಂತೆ ಇದನ್ನು ಐದು ಗುಂಪುಗಳಾಗಿ ವಿಂಗಡಿಸಿದ್ದಾರೆ. ಒಂದನೆಯ ಗುಂಪಿನಲ್ಲಿ ಗಂಧಕ ಹೆಚ್ಚು, ಎರಡು, ಮೂರನೆಯ ಗುಂಪುಗಳನ್ನು ಜಲಜನಕದೊಡನೆ ವರ್ತಿಸುವಂತೆ ಮಾಡಿ ಹೆಚ್ಚು ಶುದ್ಧಗೊಳಿಸಿರುತ್ತಾರೆ, ನಾಲ್ಕನೆಯದು ಕಾರ್ಖಾನೆಯಲ್ಲಿ ಅಣು ಜೋಡಿಸಿ ತಯಾರಿಸಿದ್ದು, ಉಳಿದೆಲ್ಲ ಐದನೆಯದು.

ಎರಡನೆಯದು ಸೇರ್ಪಡೆ ರಾಸಾಯನಿಕಗಳು. ಅಡುಗೆಗೆ ಮಸಾಲೆ ಇದ್ದಂತೆ ಎನ್ನಿ. ಪ್ರಮಾಣ ಕಡಿಮೆ, ಆದರೆ ರುಚಿ ನಿರ್ಧರಿಸುವುದು ಅದೇ. ಸತುವು, ರಂಜಕ ಸೇರಿದ ಒಂದು ಸಂಯುಕ್ತ ಲೋಹದ ಮೇಲೆ ತೆಳುವಾದ ರಕ್ಷಣಾ ಪದರ ಕಟ್ಟುತ್ತದೆ. ಕ್ಯಾಲ್ಸಿಯಂ ಅಥವಾ ಮೆಗ್ನೀಸಿಯಂ ಲವಣಗಳು ಮಾರ್ಜಕದಂತೆ ತೊಳೆಯುತ್ತವೆ, ಆಮ್ಲವನ್ನು ತಟಸ್ಥಗೊಳಿಸುತ್ತವೆ. ಇನ್ನೊಂದು ಮಸಿಯ ಕಣಗಳು ಗಂಟುಕಟ್ಟದಂತೆ ಬಿಡಿಬಿಡಿಯಾಗಿ ತೇಲಿಸುತ್ತದೆ. ಒಂದು ನೊರೆ ಬಾರದಂತೆ ತಡೆಯುತ್ತದೆ, ಮತ್ತೊಂದು ಎಣ್ಣೆ ಆಮ್ಲಜನಕದೊಡನೆ ಸೇರಿ ಕೆಡದಂತೆ ನೋಡಿಕೊಳ್ಳುತ್ತದೆ.

ಎಣ್ಣೆ 'ಹಳೆಯದಾಗುತ್ತದೆ' ಎಂದರೆ ಮುಖ್ಯವಾಗಿ ಈ ಸೇರ್ಪಡೆಗಳು ಖರ್ಚಾಗುತ್ತವೆ ಮತ್ತು ಕೊಳೆ ತುಂಬಿಕೊಳ್ಳುತ್ತದೆ ಎಂದು ಅರ್ಥ. ಅಂದಮೇಲೆ ಕಳಪೆ ಎಣ್ಣೆಯ ಗುಟ್ಟೂ ಇಲ್ಲಿಯೇ ಇದೆ. ನೋಡಲು ಹೊಂಬಣ್ಣ, ಮುಟ್ಟಲು ನುಣುಪು. ಆದರೆ ಸೇರ್ಪಡೆಗಳು ಇಲ್ಲವೇ ಇಲ್ಲ ಅಥವಾ ಅರೆಬರೆ. ಕಣ್ಣಿನಿಂದ, ಬೆರಳಿನಿಂದ, ವಾಸನೆಯಿಂದ ಇದನ್ನು ಕಂಡುಹಿಡಿಯುವುದು ಅಸಾಧ್ಯ. ಬೆರಳುಗಳ ನಡುವೆ ಉಜ್ಜಿ ನೋಡಿ 'ಒಳ್ಳೆ ಆಯಿಲ್' ಎನ್ನುವುದು ಬರೀ ನಂಬಿಕೆಯಷ್ಟೇ.

ಹಾಗಾದರೆ ತಿಳಿಯುವುದು ಹೇಗೆ? ಡಬ್ಬಿಯ ಮೇಲಿನ ಅಂಕಿ, ಅಕ್ಷರಗಳಿಂದ.

ಮೊದಲ ಗುರುತು: ಸ್ನಿಗ್ಧತೆ

'20ಡಬ್ಲ್ಯು-40' ಎಂಬಂಥ ಬರಹವನ್ನು ನೀವು ನೋಡಿರುತ್ತೀರಿ. ಇದು ಅಮೆರಿಕದ ವಾಹನ ಎಂಜಿನಿಯರುಗಳ ಸಂಘ ರೂಪಿಸಿದ ಸ್ನಿಗ್ಧತೆಯ ಗುರುತು. 1911ರಲ್ಲಿ ಆರಂಭವಾದ ಈ ಪದ್ಧತಿ ಹಲವು ಪರಿಷ್ಕರಣೆಗಳೊಂದಿಗೆ ಇಂದಿಗೂ ನಡೆದುಬಂದಿದೆ. ಸ್ನಿಗ್ಧತೆ ಎಂದರೆ ದ್ರವವು ಹರಿಯಲು ಒಡ್ಡುವ ವಿರೋಧ. ನೀರಿಗೆ ಕಡಿಮೆ, ಕಾಕಂಬಿಗೆ ಹೆಚ್ಚು.

ಬಿಸಿ ಏರಿದಂತೆ ಎಣ್ಣೆ ತೆಳ್ಳಗಾಗುತ್ತದೆ. 20ಡಬ್ಲ್ಯು-40 ಎಣ್ಣೆಯ ಸ್ನಿಗ್ಧತೆ 40 ಡಿಗ್ರಿಯಿಂದ 100 ಡಿಗ್ರಿಗೆ ಏರುವಷ್ಟರಲ್ಲಿ ಸುಮಾರು ಎಂಟನೇ ಒಂದು ಭಾಗಕ್ಕೆ ಇಳಿಯುತ್ತದೆ. ತಣ್ಣಗಿದ್ದಾಗ ತೀರ ಗಟ್ಟಿಯಾಗಬಾರದು, ಬಿಸಿಯಾದಾಗ ತೀರ ತೆಳುವಾಗಬಾರದು. 'ಡಬ್ಲ್ಯು' ಅಕ್ಷರ ಚಳಿಗಾಲವನ್ನು ಸೂಚಿಸುತ್ತದೆ. ಅದರ ಮುಂದಿನ ಅಂಕಿ ಚಿಕ್ಕದಾದಷ್ಟೂ ಚಳಿಯಲ್ಲಿ ಎಣ್ಣೆ ಸಲೀಸಾಗಿ ಹರಿಯುತ್ತದೆ. ಕೊನೆಯ ಅಂಕಿ 100 ಡಿಗ್ರಿಯಲ್ಲಿನ ದಪ್ಪವನ್ನು ಹೇಳುತ್ತದೆ. 40 ಎಂದಿದ್ದರೆ ಆ ಉಷ್ಣತೆಯಲ್ಲಿ ಸ್ನಿಗ್ಧತೆ 12.5 ಮತ್ತು 16.3 ಸೆಂಟಿಸ್ಟೋಕ್‌ಗಳ ನಡುವೆ ಇರಬೇಕು. 30 ಎಂದಿದ್ದರೆ 9.3 ಮತ್ತು 12.5ರ ನಡುವೆ. ಹೋಲಿಕೆಗೆ ಹೇಳುವುದಾದರೆ, ಸಾಧಾರಣ ಹವೆಯಲ್ಲಿ ನೀರಿನದು ಸುಮಾರು 1.

'ನಮ್ಮ ಬಳ್ಳಾರಿ ಬಿಸಿಲಿಗೆ ದಪ್ಪ ಎಣ್ಣೆಯೇ ಸರಿ' ಎಂದು ಅನೇಕರು ಹೇಳುತ್ತಾರೆ. ಹಳೆಯ ಎಂಜಿನ್ನುಗಳಿಗೆ ಈ ಮಾತು ಬಹುಮಟ್ಟಿಗೆ ಒಪ್ಪುತ್ತಿತ್ತು. ಆದರೆ ಹೊಸ ಎಂಜಿನ್ನುಗಳ ಸಂದಿಗಳನ್ನು, ಎಣ್ಣೆಯ ನಾಳಗಳನ್ನು ತೆಳುವಾದ ಎಣ್ಣೆಗೆಂದೇ ರೂಪಿಸಿರುತ್ತಾರೆ. ಬೆಳಿಗ್ಗೆ ಎಂಜಿನ್ ಚಾಲೂ ಮಾಡಿದ ಮೊದಲ ಕ್ಷಣಗಳಲ್ಲಿ ಎಣ್ಣೆ ಇನ್ನೂ ಮೇಲಿನ ಭಾಗಗಳಿಗೆ ತಲುಪಿರುವುದಿಲ್ಲ. ಸವೆತದ ಗಣನೀಯ ಪಾಲು ಆಗಲೇ ಆಗುವುದು. ಅಲ್ಲಿಗೆ ಬೇಗ ತಲುಪುವ ಎಣ್ಣೆಯೇ ಬೇಕು. ಆದ್ದರಿಂದ ಊರಿನ ಬಿಸಿಲಿನ ಊಹೆಗಿಂತ ಗಾಡಿಯೊಡನೆ ಕೊಟ್ಟ ಕೈಪಿಡಿಯ ಮಾತು ಹೆಚ್ಚು.

ಎರಡನೆಯ ಗುರುತು: ಗುಣಮಟ್ಟದ ದರ್ಜೆ

ಸ್ನಿಗ್ಧತೆ ಎಣ್ಣೆಯ ದಪ್ಪವನ್ನಷ್ಟೇ ಹೇಳುತ್ತದೆ, ಒಳ್ಳೆಯತನವನ್ನಲ್ಲ. ಎರಡು ಡಬ್ಬಿಗಳ ಮೇಲೂ 20ಡಬ್ಲ್ಯು-40 ಎಂದೇ ಇರಬಹುದು. ಒಂದು ಎಂಜಿನ್ನನ್ನು ಕಾಯಬಹುದು, ಇನ್ನೊಂದು ಕೆಡಿಸಬಹುದು. ಅದಕ್ಕಾಗಿ ಎರಡನೆಯ ಗುರುತು ಬೇಕು. ಅಮೆರಿಕದ ಪೆಟ್ರೋಲಿಯಂ ಸಂಸ್ಥೆಯ ಎ.ಪಿ.ಐ. ದರ್ಜೆಗಳು ಹೆಚ್ಚು ಬಳಕೆಯಲ್ಲಿವೆ. 'ಎಸ್' ಅಕ್ಷರದಿಂದ ಆರಂಭವಾಗುವವು ಪೆಟ್ರೋಲ್ ಎಂಜಿನ್ನುಗಳಿಗೆ, 'ಸಿ' ಅಕ್ಷರದವು ಡೀಸೆಲ್ ಎಂಜಿನ್ನುಗಳಿಗೆ. ಪೆಟ್ರೋಲ್ ದರ್ಜೆಯಲ್ಲಿ ಎರಡನೆಯ ಅಕ್ಷರ ವರ್ಣಮಾಲೆಯಲ್ಲಿ ಮುಂದೆ ಹೋದಷ್ಟೂ ದರ್ಜೆ ಹೊಸದು. 'ಎಸ್.ಎ.' ಎಂಬುದು ಸೇರ್ಪಡೆಗಳೇ ಇಲ್ಲದ ಎಣ್ಣೆ. 1930ರ ನಂತರ ತಯಾರಾದ ಎಂಜಿನ್ನುಗಳಿಗೆ ಅದು ತಕ್ಕದ್ದಲ್ಲ ಎಂದು ಆ ಸಂಸ್ಥೆಯೇ ಹೇಳುತ್ತದೆ. 'ಎಸ್.ಪಿ.' ಬಂದದ್ದು 2020ರಲ್ಲಿ. ಭಾರೀ ಡೀಸೆಲ್ ವಾಹನಗಳ 'ಸಿ.ಕೆ.-4' ದರ್ಜೆ ಬಂದದ್ದು 2016ರಲ್ಲಿ.

ಬೈಕಿನ ವಿಷಯದಲ್ಲಿ ಇನ್ನೊಂದು ಮಾತಿದೆ. ಬಹುತೇಕ ಬೈಕುಗಳಲ್ಲಿ ಎಂಜಿನ್, ಗೇರು, ಕ್ಲಚ್ಚು ಮೂರಕ್ಕೂ ಒಂದೇ ಎಣ್ಣೆ. ಕ್ಲಚ್ಚಿನ ಫಲಕಗಳು ಎಣ್ಣೆಯಲ್ಲೇ ಮುಳುಗಿದ್ದು, ಅವು ಜಾರದೆ ಹಿಡಿಯಬೇಕು. ಕಾರಿನ ಎಣ್ಣೆಯಲ್ಲಿ ಘರ್ಷಣೆ ತಗ್ಗಿಸುವ ವಿಶೇಷ ಸೇರ್ಪಡೆಗಳಿದ್ದರೆ ಕ್ಲಚ್ಚು ಜಾರಲು ಆರಂಭಿಸಬಹುದು. ಆದ್ದರಿಂದ ಬೈಕಿನ ಡಬ್ಬಿಯ ಮೇಲೆ ಜಪಾನಿನ ಜ್ಯಾಸೊ ಸಂಸ್ಥೆಯ 'ಎಂ.ಎ.' ಅಥವಾ 'ಎಂ.ಎ.2' ಗುರುತನ್ನು ನೋಡಬೇಕು. 'ಎಂ.ಬಿ.' ಎಂಬುದು ಒಣ ಕ್ಲಚ್ಚಿನ ಸ್ಕೂಟರುಗಳಿಗೆ. ತುಂಬ ದುಬಾರಿಯಾದ ಕಾರಿನ ಎಣ್ಣೆಯನ್ನು ಪ್ರೀತಿಯಿಂದ ಬೈಕಿಗೆ ಹಾಕಿಸಿ ಕ್ಲಚ್ಚು ಕೆಡಿಸಿಕೊಳ್ಳುವುದೂ ಉಂಟು. ಬೆಲೆ ಹೆಚ್ಚಿದ್ದರೆ ಸಾಲದು, ಎಣ್ಣೆ ಗಾಡಿಗೆ ಹೊಂದಬೇಕು.

ನಮ್ಮ ದೇಶದಲ್ಲಿ ಭಾರತೀಯ ಮಾನಕ ಬ್ಯೂರೋ ಎಂಜಿನ್ ಎಣ್ಣೆಗೆ ಐ.ಎಸ್. 13656 ಎಂಬ ಮಾನಕವನ್ನು ರೂಪಿಸಿದೆ. ಅಗತ್ಯ ವಸ್ತುಗಳ ಕಾಯ್ದೆಯಡಿ 1987ರಲ್ಲಿ ಹೊರಡಿಸಿದ ಕೀಲೆಣ್ಣೆ ಮತ್ತು ಗ್ರೀಸು ನಿಯಂತ್ರಣ ಆದೇಶವೂ ಇದೆ. ಕಲಬೆರಕೆ ಮಾಡುವುದು ಶಿಕ್ಷಾರ್ಹ ಅಪರಾಧ.

ಪೀಪಾಯಿಯ ಪ್ರಶ್ನೆಗೆ ಉತ್ತರ

ಈಗ ಷೋರೂಮಿನ ಪೀಪಾಯಿಗೆ ಮರಳೋಣ. ಒಂದು ಪೀಪಾಯಿ ಎಂದರೆ ಸುಮಾರು 210 ಲೀಟರ್. ಬೈಕಿಗೆ ಸುಮಾರು ಒಂದು ಲೀಟರ್, ಸಣ್ಣ ಕಾರಿಗೆ ಮೂರೋ ನಾಲ್ಕೋ ಲೀಟರ್ ಬೇಕು. ದಿನಕ್ಕೆ ಹತ್ತಾರು ಗಾಡಿ ಬರುವಲ್ಲಿ ಒಂದೊಂದಕ್ಕೂ ಡಬ್ಬಿ ಒಡೆಯುವುದಕ್ಕಿಂತ ಪೀಪಾಯಿ ಅನುಕೂಲ. ಡಬ್ಬಿಯ ಪ್ಲಾಸ್ಟಿಕ್ಕು, ಬಣ್ಣದ ಚೀಟಿ, ಅಂಗಡಿಯ ಲಾಭಗಳ ಖರ್ಚು ಉಳಿಯುವುದರಿಂದ ಲೀಟರಿನ ದರವೂ ಕಡಿಮೆ. ಅಗ್ಗವಾಗಲು ಇದೊಂದು ನ್ಯಾಯವಾದ ಕಾರಣ. ಅನೇಕ ವಾಹನ ಕಂಪನಿಗಳು ತಮ್ಮ ಹೆಸರಿನಲ್ಲಿ ಮಾರುವ ಎಣ್ಣೆಯನ್ನು ತಯಾರಿಸಿ ಕೊಡುವವರೂ ಪ್ರಸಿದ್ಧ ತೈಲ ಕಂಪನಿಗಳೇ. ಆದ್ದರಿಂದ ಪೀಪಾಯಿಯ ಎಣ್ಣೆ ಎಂದ ಮಾತ್ರಕ್ಕೆ ಕಳಪೆಯಲ್ಲ. ಕೈಪಿಡಿಯಲ್ಲಿ ಹೇಳಿದ ಸ್ನಿಗ್ಧತೆ ಮತ್ತು ದರ್ಜೆ ಎರಡೂ ಅದರಲ್ಲಿದ್ದರೆ, ಹೇಳಿದ ಅವಧಿಗೆ ಬದಲಾಯಿಸಿದರೆ, ಆ ಅಗ್ಗದ ಎಣ್ಣೆ ನಿಮ್ಮ ಎಂಜಿನ್ನಿಗೆ ಸಾಕು. ದುಬಾರಿ ಎಣ್ಣೆ ಹಾಕಿಸಿ ಅದನ್ನು ಎರಡು ಪಟ್ಟು ಕಾಲ ಬಿಟ್ಟುಬಿಡುವುದಕ್ಕಿಂತ ಇದು ಮೇಲು.

ಹಾಗೆಂದು ಕಣ್ಣು ಮುಚ್ಚಿ ನಂಬುವುದೂ ಬೇಡ. ತೊಂದರೆ ಬರಬಹುದಾದ ದಾರಿಗಳು ನಾಲ್ಕು.

ಮೊದಲನೆಯದು, ಎಲ್ಲ ಗಾಡಿಗೂ ಒಂದೇ ಎಣ್ಣೆ. ಹಳೆಯ ಮಾದರಿಗೆ ಸರಿಹೊಂದುವ ಎಣ್ಣೆಯನ್ನೇ ಹೊಸ ಮಾದರಿಗೂ ಸುರಿದುಬಿಡುವ ಅಪಾಯ. 2020ರ ಏಪ್ರಿಲ್ 1ರಿಂದ ದೇಶದಲ್ಲಿ ಭಾರತ್ ಸ್ಟೇಜ್-6 ಹೊಗೆ ನಿಯಮ ಜಾರಿಗೆ ಬಂತು. ಆ ಬಗೆಯ ಅನೇಕ ಡೀಸೆಲ್ ವಾಹನಗಳ ಹೊಗೆ ಕೊಳವೆಯಲ್ಲಿ ಮಸಿ ಹಿಡಿಯುವ ಸೋಸುಕವಿರುತ್ತದೆ. ಎಣ್ಣೆಯ ಲೋಹದ ಸೇರ್ಪಡೆಗಳು ಉರಿದಾಗ ಉಳಿಯುವ ಬೂದಿ ಆ ಸೋಸುಕದಲ್ಲಿ ಕಟ್ಟಿಕೊಳ್ಳುತ್ತದೆ. ಮಸಿಯನ್ನು ಸುಟ್ಟು ತೆಗೆಯಬಹುದು, ಬೂದಿಯನ್ನು ಸುಡಲಾಗುವುದಿಲ್ಲ. ಆದ್ದರಿಂದ ಅವಕ್ಕೆ ಕಡಿಮೆ ಬೂದಿಯ ಎಣ್ಣೆಯೇ ಬೇಕು. ಹಳೆಯ ದರ್ಜೆಯ ಅಗ್ಗದ ಎಣ್ಣೆ ಇಲ್ಲಿ ನಿಜಕ್ಕೂ ದುಬಾರಿಯಾಗುತ್ತದೆ.

ಎರಡನೆಯದು, ಪೀಪಾಯಿಯ ಬಾಯಿ. ಮುಚ್ಚದೆ ಬಿಟ್ಟರೆ ದೂಳು, ಮಳೆಗಾಲದಲ್ಲಿ ತೇವ ಒಳಗಿಳಿಯುತ್ತವೆ. ಅಳತೆಯ ಪಾತ್ರೆ ಕೊಳಕಾಗಿದ್ದರೂ ಅಷ್ಟೇ.

ಮೂರನೆಯದು, ಅಳತೆ ಮತ್ತು ಫಿಲ್ಟರು. ಎಣ್ಣೆ ಹೊಸದು, ಫಿಲ್ಟರು ಹಳೆಯದು ಎಂದಾದರೆ ಸ್ನಾನ ಮಾಡಿ ಕೊಳೆ ಬಟ್ಟೆ ತೊಟ್ಟಂತೆ. ಎಣ್ಣೆ ಕಡಿಮೆಯಾದರೆ ಎಂಜಿನ್ ಒಣಗುತ್ತದೆ, ಹೆಚ್ಚಾದರೆ ನೊರೆಯೇಳುತ್ತದೆ.

ನಾಲ್ಕನೆಯದು ಎಲ್ಲಕ್ಕಿಂತ ಕೆಟ್ಟದ್ದು: ಖೋಟಾ ಎಣ್ಣೆ. ಇಳಿಸಿದ ಎಣ್ಣೆಯನ್ನು ಬರಿದೇ ಸೋಸಿ, ಬಣ್ಣ ತಿಳಿಮಾಡಿ, ಹೆಸರುವಾಸಿ ಕಂಪನಿಯ ಖಾಲಿ ಡಬ್ಬಿಯಲ್ಲಿ ತುಂಬಿ ಮಾರುವ ದಂಧೆ. ಗಮನಿಸಿ, ಇದು ಮೊಹರಿನ ಡಬ್ಬಿಯಲ್ಲೂ ಬರಬಹುದು. ಹಳೆಯ ಎಣ್ಣೆಯನ್ನು ಕ್ರಮಬದ್ಧವಾಗಿ ಮರುಶುದ್ಧಿ ಮಾಡಿ, ಹೊಸದಾಗಿ ಸೇರ್ಪಡೆಗಳನ್ನು ಬೆರೆಸಿದರೆ ಅದು ಒಳ್ಳೆಯ ಎಣ್ಣೆಯೇ ಆಗಬಲ್ಲದು. ಬರಿದೇ ಸೋಸಿದ್ದು ಆಗದು. ಆದ್ದರಿಂದಲೇ ಖಾಲಿ ಡಬ್ಬಿಯನ್ನು ಗುಜರಿಗೆ ಹಾಕುವ ಮೊದಲು ತೂತು ಮಾಡಿ ಹಾಕಬೇಕು.

ದೋಣಿಮಲೈಯ ದೂಳು ಹೇಳುವ ಪಾಠ

ದೋಣಿಮಲೈಯಲ್ಲಿ ರಾಷ್ಟ್ರೀಯ ಖನಿಜ ಅಭಿವೃದ್ಧಿ ನಿಗಮದ ಕಬ್ಬಿಣದ ಅದುರಿನ ಗಣಿ ಆರಂಭವಾದದ್ದು 1977ರಲ್ಲಿ. ಇಲ್ಲಿಯ ಅದುರು ಹೆಮಟೈಟ್. ಖನಿಜಗಳ ಗಡಸುತನವನ್ನು 1ರಿಂದ 10ರವರೆಗೆ ಅಳೆಯುವ ಮೋಸ್ ಮಾಪಕದಲ್ಲಿ ಹೆಮಟೈಟಿಗೆ ಸುಮಾರು 5.5ರಿಂದ 6.5, ದೂಳಿನಲ್ಲಿ ಬೆರೆತ ಬೆಣಚುಕಲ್ಲಿನ ಕಣಗಳಿಗೆ 7. ಎಂಜಿನ್ನಿನೊಳಗೆ ಬೇರಿಂಗಿನ ಎಣ್ಣೆ ಪದರದ ದಪ್ಪ ಅತಿ ತೆಳುವಾದ ಕಡೆ ಕೆಲವೇ ಮೈಕ್ರಾನ್. ನಮ್ಮ ತಲೆಗೂದಲಿನ ದಪ್ಪವೇ ಸುಮಾರು 70 ಮೈಕ್ರಾನ್. ಆ ಪದರಕ್ಕಿಂತ ದೊಡ್ಡದಾದ ಗಡಸು ಕಣ ನಡುವೆ ನುಸುಳಿದರೆ ಏನಾಗುತ್ತದೆ? ಉಪ್ಪುಕಾಗದದಿಂದ ಉಜ್ಜಿದಂತೆ ಲೋಹ ತರೆಯುತ್ತದೆ.

ಇಲ್ಲಿ ಮೊದಲ ಕಾವಲುಗಾರ ಎಣ್ಣೆಯಲ್ಲ, ಗಾಳಿಯ ಫಿಲ್ಟರು. ಅದು ಹರಿದಿದ್ದರೆ, ಅದರ ರಬ್ಬರಿನ ಅಂಚು ಸರಿಯಾಗಿ ಕೂರದಿದ್ದರೆ ಜಗತ್ತಿನ ಅತ್ಯುತ್ತಮ ಎಣ್ಣೆಯೂ ಎಂಜಿನ್ನನ್ನು ಉಳಿಸಲಾರದು. ವಾಹನಗಳ ಕೈಪಿಡಿಗಳಲ್ಲಿ 'ಕಠಿಣ ಪರಿಸ್ಥಿತಿ' ಎಂಬ ಒಂದು ಸಾಲು ಇರುತ್ತದೆ. ದೂಳಿನ ರಸ್ತೆ, ಭಾರೀ ಹೊರೆ, ಏರುದಾರಿ, ಮೇಲಿಂದ ಮೇಲೆ ನಿಂತು ಹೊರಡುವ ಓಟ, ಇವೆಲ್ಲ ಅದರಲ್ಲಿ ಬರುತ್ತವೆ. ಅಂಥಲ್ಲಿ ಎಣ್ಣೆಯನ್ನೂ ಗಾಳಿ ಫಿಲ್ಟರನ್ನೂ ಹೇಳಿದ ಅವಧಿಗಿಂತ ಬೇಗ ಬದಲಾಯಿಸಬೇಕು. ಬೆಂಗಳೂರಿನ ಡಾಂಬರು ರಸ್ತೆಯ ಗಾಡಿಗೆ ಹೇಳಿದ ಕಿಲೋಮೀಟರಿನ ಲೆಕ್ಕ ಗಣಿ ರಸ್ತೆಯ ಗಾಡಿಗೆ ಸಲ್ಲದು.

ದೊಡ್ಡ ಡಂಪರ್‌ಗಳನ್ನು ಓಡಿಸುವ ಗಣಿಗಳಲ್ಲಿ ಊಹೆಗೆ ಬದಲು ಪರೀಕ್ಷೆಯನ್ನೇ ನಂಬುವ ಪದ್ಧತಿ ಇದೆ. ಓಡುತ್ತಿರುವ ಎಂಜಿನ್ನಿನಿಂದ ಸ್ವಲ್ಪ ಎಣ್ಣೆ ತೆಗೆದು ಪ್ರಯೋಗಾಲಯಕ್ಕೆ ಕಳಿಸುತ್ತಾರೆ. ರಕ್ತ ಪರೀಕ್ಷೆ ಇದ್ದಂತೆ. ವರ್ಣಪಟಲ ಮಾಪಕವು ಎಣ್ಣೆಯಲ್ಲಿ ಯಾವ ಧಾತು ಹತ್ತು ಲಕ್ಷಕ್ಕೆ ಎಷ್ಟು ಭಾಗವಿದೆಯೆಂದು ಹೇಳುತ್ತದೆ. ಸಿಲಿಕಾನ್ ಹೆಚ್ಚಿದ್ದರೆ ದೂಳು ಒಳಬರುತ್ತಿದೆ. ತಾಮ್ರ, ಸೀಸ ಹೆಚ್ಚಿದ್ದರೆ ಬೇರಿಂಗು ಸವೆಯುತ್ತಿರಬಹುದು. ಅಲ್ಯುಮಿನಿಯಂ ಹೆಚ್ಚಿದ್ದರೆ ಪಿಸ್ಟನ್ ಸವೆಯುತ್ತಿರಬಹುದು. ಕಬ್ಬಿಣ ಹೆಚ್ಚಿದ್ದರೆ ಸಾಮಾನ್ಯವಾಗಿ ಸಿಲಿಂಡರಿನ ಸವೆತವೆಂದು ಅರ್ಥ. ಆದರೆ ದೋಣಿಮಲೈಯಂಥ ಕಡೆ ಆ ಕಬ್ಬಿಣ ಎಂಜಿನ್ನಿನದೋ, ಹೊರಗಿನ ಅದುರಿನದೋ? ಮಾಪಕಕ್ಕೆ ಎರಡೂ ಕಬ್ಬಿಣವೇ. ಆಗ ಸಿಲಿಕಾನ್, ಕ್ರೋಮಿಯಂ, ಅಲ್ಯುಮಿನಿಯಂ ಅಂಕಿಗಳನ್ನೂ ಜೊತೆಗಿಟ್ಟು ಓದಬೇಕಾಗುತ್ತದೆ. ಒಂದೇ ಅಂಕಿಯಿಂದ ತೀರ್ಮಾನಕ್ಕೆ ಬರಬಾರದೆಂಬ ವಿಜ್ಞಾನದ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೆ?

ಇನ್ನೊಂದು ಪಾಠವನ್ನೂ ಈ ನೆಲ ಕಲಿಸಿದೆ. 2011ರ ಜುಲೈ 29ರಂದು ಸರ್ವೋಚ್ಚ ನ್ಯಾಯಾಲಯ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ತಡೆಹಿಡಿದಾಗ ಅದುರು ಸಾಗಿಸುತ್ತಿದ್ದ ಲಾರಿಗಳು ನಿಂತವು. ಗುತ್ತಿಗೆಯ ನವೀಕರಣದ ವಿವಾದದಿಂದ ದೋಣಿಮಲೈ ಗಣಿಯೂ 2018ರ ನವೆಂಬರಿನಿಂದ 2021ರ ಫೆಬ್ರವರಿಯವರೆಗೆ ನಿಂತಿತ್ತು. ಗಾಡಿ ನಿಂತರೆ ಎಣ್ಣೆಯೂ ಹಾಗೇ ಇರುತ್ತದೆ ಎಂದು ನಮ್ಮ ಎಣಿಕೆ. ಅದು ಸರಿಯಲ್ಲ. ಬಳಸಿದ ಎಣ್ಣೆಯಲ್ಲಿ ಆಮ್ಲ ಮತ್ತು ತೇವ ಉಳಿದಿರುತ್ತವೆ. ಗಾಡಿ ನಿಂತೇ ಇದ್ದರೂ ಅವು ಲೋಹವನ್ನು ತಿನ್ನುತ್ತವೆ. 'ಇಷ್ಟು ಕಿಲೋಮೀಟರ್ ಅಥವಾ ಇಷ್ಟು ತಿಂಗಳು, ಯಾವುದು ಮೊದಲೋ ಅದು' ಎಂದು ಕೈಪಿಡಿ ಹೇಳುವುದು ಇದಕ್ಕಾಗಿಯೇ.

ನೀವೇ ಮಾಡಿ ನೋಡಿ

ಪ್ರಯೋಗ 1: ಒಂದೇ ಅಳತೆಯ ನಾಲ್ಕು ಗಾಜಿನ ಉದ್ದ ನಳಿಕೆಗಳಲ್ಲಿ ನೀರು, ಕೊಬ್ಬರಿ ಎಣ್ಣೆ, ಎಂಜಿನ್ ಎಣ್ಣೆ, ಹರಳೆಣ್ಣೆ ತುಂಬಿ. ಸೈಕಲ್ ಬೇರಿಂಗಿನ ಒಂದೇ ಗಾತ್ರದ ಗುಂಡುಗಳನ್ನು ಬಿಟ್ಟು, ತಳ ಮುಟ್ಟಲು ಎಷ್ಟು ಹೊತ್ತಾಯಿತೆಂದು ಗಡಿಯಾರದಲ್ಲಿ ಗುರುತಿಸಿ. ನಂತರ ಎಂಜಿನ್ ಎಣ್ಣೆಯ ನಳಿಕೆಯನ್ನು ಬಿಸಿನೀರಿನಲ್ಲಿ ಹತ್ತು ನಿಮಿಷ ಇಟ್ಟು ಮತ್ತೆ ಮಾಡಿ. ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ಕಾಲೇಜಿನ ವಿದ್ಯಾರ್ಥಿಗಳು ಇದನ್ನು ಸ್ಟೋಕ್ಸ್ ನಿಯಮದೊಡನೆ ಹೋಲಿಸಿ ನೋಡಬಹುದು. ಎಣ್ಣೆಯನ್ನು ನೇರವಾಗಿ ಒಲೆಯ ಮೇಲೆ ಮಾತ್ರ ಇಡಬೇಡಿ.

ಪ್ರಯೋಗ 2: ಓಡಿ ನಿಂತ ಡೀಸೆಲ್ ಗಾಡಿಯ ಎಣ್ಣೆ ನೋಡುವ ಕಡ್ಡಿಯಿಂದ ಒಂದು ಹನಿಯನ್ನು ಸೋಸುಕಾಗದದ ಮೇಲೆ ಬೀಳಿಸಿ, ರಾತ್ರಿಯಿಡೀ ಬಿಡಿ. ಹಿರಿಯರೊಬ್ಬರು ಜೊತೆಗಿರಲಿ, ಎಂಜಿನ್ ಬಿಸಿಯಿರುತ್ತದೆ. ಬೂದುಬಣ್ಣ ಒಂದೇ ಸಮನಾಗಿ ಹರಡಿದ್ದರೆ ಮಸಿಯನ್ನು ಬಿಡಿಸಿಡುವ ಶಕ್ತಿ ಎಣ್ಣೆಗೆ ಇನ್ನೂ ಇದೆ. ನಡುವೆ ಕಡುಗಪ್ಪು ಬೊಟ್ಟು ಗಟ್ಟಿ ಅಂಚಿನೊಡನೆ ನಿಂತು, ಸುತ್ತ ಬರಿಯ ಎಣ್ಣೆಯ ಉಂಗುರವಾದರೆ ಆ ಶಕ್ತಿ ಮುಗಿದಿದೆ. ಈ ಪ್ರಯೋಗದಿಂದ ಇನ್ನೊಂದು ತಪ್ಪು ತಿಳಿವಳಿಕೆಯೂ ಹೋಗುತ್ತದೆ. ಡೀಸೆಲ್ ಎಂಜಿನ್ನಿನಲ್ಲಿ ಎಣ್ಣೆ ಬೇಗ ಕಪ್ಪಾದರೆ ಅದು ಕೆಟ್ಟಿತೆಂದಲ್ಲ, ಮಸಿಯನ್ನು ತೊಳೆದು ಹೊತ್ತುಕೊಂಡಿದೆ ಎಂದರ್ಥ. ಅಗ್ಗದ ಎಣ್ಣೆ ಎಷ್ಟು ದಿನವಾದರೂ ತಿಳಿಯಾಗಿಯೇ ಇದ್ದರೆ ಹಿಗ್ಗುವುದಕ್ಕಿಂತ ಅನುಮಾನ ಪಡುವುದೇ ಲೇಸು.

ಇಳಿಸಿದ ಎಣ್ಣೆ ಎಲ್ಲಿಗೆ?

ಇಳಿಸಿದ ಕಪ್ಪು ಎಣ್ಣೆಯನ್ನು ಚರಂಡಿಗೆ ಸುರಿಯುವುದನ್ನು, ಗೆದ್ದಲಿಗೆಂದು ಬಾಗಿಲಿನ ಮರಕ್ಕೆ ಬಳಿಯುವುದನ್ನು ನಾವು ನೋಡುತ್ತೇವೆ. ಅದರಲ್ಲಿ ಲೋಹದ ಕಣಗಳೂ ಕ್ಯಾನ್ಸರಿಗೆ ಕಾರಣವಾಗಬಲ್ಲ ಸಂಯುಕ್ತಗಳೂ ಇರುತ್ತವೆ. ಬರಿಗೈಯಲ್ಲಿ ಮತ್ತೆ ಮತ್ತೆ ಮುಟ್ಟಬಾರದು. ಒಂದೇ ಸಲದ ಬದಲಾವಣೆಯಲ್ಲಿ ಇಳಿಸಿದ ಎಣ್ಣೆ ಹತ್ತು ಲಕ್ಷ ಗ್ಯಾಲನ್ ಸಿಹಿನೀರನ್ನು ಕೆಡಿಸಬಲ್ಲದೆಂದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಎಚ್ಚರಿಸಿದೆ. ಸಂಡೂರಿನ ನಾರಿಹಳ್ಳವನ್ನು, ಹೊಸಪೇಟೆ ಕಂಪ್ಲಿಗಳ ತುಂಗಭದ್ರಾ ಕಾಲುವೆಗಳನ್ನು ನೆನೆಸಿಕೊಂಡರೆ ಇದರ ಅರ್ಥ ತಿಳಿಯುತ್ತದೆ. ನಮ್ಮ 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳು ಬಳಸಿದ ಎಣ್ಣೆಗೂ ಅನ್ವಯಿಸುತ್ತವೆ. 2024ರ ಏಪ್ರಿಲ್ 1ರಿಂದ ಅದನ್ನು ಮರಳಿ ಸಂಗ್ರಹಿಸಿ ಶುದ್ಧೀಕರಿಸುವ ಹೊಣೆಯನ್ನು ತಯಾರಕರ ಮೇಲೂ ಹೊರಿಸಲಾಗಿದೆ.

ಗಿರಾಕಿಯ ಹಕ್ಕು

ಮುಂದಿನ ಸಲ ನಿಮ್ಮ ಮನೆಯ ಗಾಡಿಯೊಡನೆ ನೀವೂ ಸರ್ವೀಸಿಗೆ ಹೋಗಿ. ಕೈಪಿಡಿಯ ಪುಟವನ್ನು ಮೊದಲೇ ಓದಿಕೊಳ್ಳಿ. ಮೇಸ್ತ್ರಿಯನ್ನು ನಯವಾಗಿ ಕೇಳಿ: 'ಯಾವ ಗ್ರೇಡ್ ಆಯಿಲ್ ಹಾಕ್ತೀರಣ್ಣಾ? ಪೀಪಾಯಿ ಮೇಲಿನ ಚೀಟಿ ಒಂಚೂರು ನೋಡಬಹುದಾ?' ಒಳ್ಳೆಯ ಮೇಸ್ತ್ರಿ ಇದಕ್ಕೆ ಬೇಸರಪಡುವುದಿಲ್ಲ, ಸಂತೋಷಪಡುತ್ತಾನೆ. ಎಣ್ಣೆಯ ಹೆಸರು, ದರ್ಜೆ, ಅಳತೆ ಜಾಬ್ ಕಾರ್ಡಿನಲ್ಲೂ ಬಿಲ್ಲಿನಲ್ಲೂ ಇರಲಿ. 'ಉಚಿತ ಸರ್ವೀಸು' ಎಂದರೆ ಸಾಮಾನ್ಯವಾಗಿ ಕೂಲಿ ಮಾತ್ರ ಉಚಿತ, ಎಣ್ಣೆಗೆ ನೀವು ಹಣ ಕೊಡುತ್ತಿದ್ದೀರಿ ಎಂಬುದು ನೆನಪಿರಲಿ. ಕೈಪಿಡಿಯಲ್ಲಿ ಇಲ್ಲದ 'ಎಂಜಿನ್ ಟಾನಿಕ್' ಬಗೆಯ ದ್ರವಗಳನ್ನು ಬೇಡವೆನ್ನಲು ಹಿಂಜರಿಯಬೇಡಿ. ಡಬ್ಬಿ ಕೊಳ್ಳುವುದಾದರೆ ಮೊಹರು, ತಯಾರಕರ ಹೆಸರು, ತಯಾರಾದ ತಿಂಗಳು ಮತ್ತು ವರ್ಷ, ಗರಿಷ್ಠ ಮಾರಾಟ ಬೆಲೆ ಇವನ್ನು ನೋಡಿ. ಬಿಲ್ಲುಗಳನ್ನು ಜೋಪಾನ ಮಾಡಿ, ನಾಳೆ ವಾರಂಟಿಯ ಪ್ರಶ್ನೆ ಬಂದಾಗ ಅವೇ ಸಾಕ್ಷಿ. ಮೋಸವಾಗಿದೆಯೆಂದು ಕಂಡರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು; 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ನಿಮ್ಮ ಬೆನ್ನಿಗಿದೆ.

ಕೊನೆಗೊಂದು ಲೆಕ್ಕ. ಒಂದು ಎಣ್ಣೆ ಇನ್ನೊಂದಕ್ಕಿಂತ ಲೀಟರಿಗೆ 100 ರೂಪಾಯಿ ಕಡಿಮೆ ಎಂದುಕೊಳ್ಳೋಣ. ವರ್ಷಕ್ಕೆ ಮೂರು ಸಲ ಬದಲಾಯಿಸುವ ಬೈಕಿನಲ್ಲಿ ಉಳಿತಾಯ 300 ರೂಪಾಯಿ. ದರ್ಜೆ ಸರಿಯಾಗಿದ್ದರೆ ಅದು ನಿಜವಾದ ಉಳಿತಾಯ, ನಾಚಿಕೆಪಡಬೇಕಾದದ್ದೇನಿಲ್ಲ. ದರ್ಜೆ ಸರಿಯಿಲ್ಲದಿದ್ದರೆ ಅದೇ 300 ರೂಪಾಯಿ ಬೋರಿನ ಕೆಲಸಕ್ಕೆ ತೆತ್ತ ಮುಂಗಡ. ಈ ಎರಡರ ನಡುವಿನ ವ್ಯತ್ಯಾಸ ಚೀಟಿಯ ಮೇಲಿನ ಒಂದು ಸಾಲಿನಲ್ಲಿದೆ. ಆ ಸಾಲನ್ನು ಓದಲು ಈಗ ನಿಮಗೆ ಬರುತ್ತದೆ. ಮನೆಯಲ್ಲಿ ಅಪ್ಪನಿಗೋ ಅಣ್ಣನಿಗೋ ಓದಿ ಹೇಳಿ.